ಶಾಲಾ ಮಕ್ಕಳ ರೋಬೋಟಿಕ್ಸ್ ಸ್ಪರ್ಧೆ ಬೆಳೆದದ್ದು ಹೇಗೆ, ನಮ್ಮೂರಿನಿಂದ ಸೇರುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಶಾಲೆಗಳಲ್ಲಿ ರೋಬೋಟಿಕ್ಸ್ ತಂಡ ಕಟ್ಟುವವರಿಗೆ ನಾವು ಕೆಲವರು ಬಿಡುವಿನ ವೇಳೆಯಲ್ಲಿ ಕೈಜೋಡಿಸುತ್ತೇವೆ. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಫೋನ್ ಬರುವುದೂ ಶುರು. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇವೆ. ಬಹುಪಾಲು ಮಾತು 'ಫಸ್ಟ್' ಸಂಸ್ಥೆಯ ಸ್ಪರ್ಧೆಗಳ ಬಗ್ಗೆ. ಉಳಿದವುಗಳ ವಿಷಯವೂ ನಡುವೆ ಬರುತ್ತದೆ.

ಇದೆಲ್ಲ ಶುರುವಾದದ್ದು ಎಲ್ಲಿ? ಯಾರು ಶುರು ಮಾಡಿದ್ದು?

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಎಂಬ ಸಣ್ಣ ರಾಜ್ಯದಲ್ಲಿ. ಡೀನ್ ಕೇಮನ್ ಎಂಬ ಸಂಶೋಧಕ 1989ರಲ್ಲಿ ಫಸ್ಟ್ ಸಂಸ್ಥೆ ಕಟ್ಟಿದರು. ಮೈಮೇಲೆ ಧರಿಸಿಕೊಂಡೇ ಓಡಾಡಬಹುದಾದ ಔಷಧಿ ಪಂಪ್ ಮಾಡಿದವರು ಇವರೇ. ಎರಡು ಚಕ್ರದ ಸೆಗ್ವೇ ಗಾಡಿಯೂ ಮುಂದೆ ಇವರ ಕೈಯಿಂದಲೇ ಬಂತು. ಮಕ್ಕಳಿಗೆ ಆಟಗಾರರ, ಸಿನಿಮಾ ನಟರ ಹೆಸರು ಬಾಯಿಪಾಠ, ಎಂಜಿನಿಯರ್‌ಗಳ ಹೆಸರು ಒಂದೂ ಗೊತ್ತಿಲ್ಲ ಎನ್ನುವುದು ಅವರ ತಕರಾರು. ಹಾಗಾದರೆ ಎಂಜಿನಿಯರಿಂಗನ್ನೇ ಪಂದ್ಯ ಮಾಡೋಣ, ಗ್ಯಾಲರಿಯಲ್ಲಿ ಜನ ಕೂತು ಕೂಗಲಿ ಎಂದು ಹೊರಟರು.

ಜೊತೆಗೆ ನಿಂತವರು ಅಮೆರಿಕದ ಎಂಐಟಿಯ (ಮಣಿಪಾಲದ್ದಲ್ಲ, ಮ್ಯಾಸಚೂಸೆಟ್ಸ್‌ನದು) ಪ್ರೊಫೆಸರ್ ವುಡೀ ಫ್ಲವರ್ಸ್. ತಮ್ಮ ಡಿಸೈನ್ ತರಗತಿಯಲ್ಲಿ ಅವರು ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಥರದ ಚಿಲ್ಲರೆ ಸಾಮಾನು ಕೊಟ್ಟು ಯಂತ್ರ ಮಾಡಿಸುತ್ತಿದ್ದರು. ಕೊನೆಗೆ ಆ ಯಂತ್ರಗಳ ನಡುವೆಯೇ ಪಂದ್ಯ. ಅದೇ ಅಚ್ಚು ಇಲ್ಲಿಗೂ ಬಂತು.

ಮೊದಲ ಸ್ಪರ್ಧೆ 1992ರಲ್ಲಿ, ಒಂದು ಹೈಸ್ಕೂಲಿನ ಜಿಮ್‌ನಲ್ಲಿ. ಬಂದದ್ದು 28 ತಂಡ. ಅಂಕಣದ ತುಂಬ ಜೋಳದ ಕಾಳು ಹರಡಿದ್ದರು. ಅದರ ಮೇಲೆ ಓಡಾಡಿ ರೋಬೋಟುಗಳು ಟೆನಿಸ್ ಚೆಂಡು ಹೆಕ್ಕಬೇಕಿತ್ತು. ಚಕ್ರ ಹೇಗೆ ಜಾರಿರಬಹುದು, ಯೋಚನೆ ಮಾಡಿ!

28ರಿಂದ ಸಾವಿರಾರು ತಂಡಗಳಾದದ್ದು ಹೇಗೆ?

ಮೊದಲ ವರ್ಷ 28 ಇದ್ದದ್ದು ಎರಡನೇ ವರ್ಷ 25ಕ್ಕೆ ಇಳಿದಿತ್ತು. ಇದನ್ನು ಬೇಕೆಂದೇ ಹೇಳುತ್ತೇವೆ. "ಕಳೆದ ವರ್ಷ ನಾಲ್ಕು ಶಾಲೆ ಬಂದಿದ್ದವು, ಈ ಸಲ ಮೂರೇ" ಎಂದು ನಮ್ಮಲ್ಲಿ ಕೈಚೆಲ್ಲುವವರು ಜಾಸ್ತಿ. ಹೈಸ್ಕೂಲ್ ಮಕ್ಕಳ ಆ ದೊಡ್ಡ ಸ್ಪರ್ಧೆ, ಅಂದರೆ ಈಗಿನ ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್ ಅಥವಾ ಎಫ್‌ಆರ್‌ಸಿ, 2006ಕ್ಕೆ 1,000 ತಂಡ ದಾಟಿತು. 2016ಕ್ಕೆ 3,000 ದಾಟಿತು.

ಯಾಕೆ ಬೆಳೆಯಿತು? ಒಂದು ಕಾರಣ ದುಡ್ಡು ಮತ್ತು ಜನ. ನಾಸಾದಂಥ ಸಂಸ್ಥೆಗಳೂ ದೊಡ್ಡ ಕಂಪನಿಗಳೂ ದುಡ್ಡಿನ ಜೊತೆ ತಮ್ಮ ಎಂಜಿನಿಯರ್‌ಗಳನ್ನೂ ಶಾಲೆಗಳಿಗೆ ಕಳಿಸಿದವು. ಆದರೆ ನಮ್ಮ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಕಾರಣ ಬೇರೆ ಎರಡಿವೆ.

ಒಂದು, ಆಟದ ನಿಯಮ. ಮೊದಲೆಲ್ಲ ಪ್ರತಿ ತಂಡ ತನ್ನ ಪಾಡಿಗೆ ತಾನು ಆಡುತ್ತಿತ್ತು. 1999ರಲ್ಲಿ ಎರಡೆರಡು ತಂಡ ಕೂಡಿ ಆಡುವ ಮೈತ್ರಿ ಬಂತು. 2005ರಿಂದ ಮೂರು ತಂಡ ಒಂದು ಕಡೆ, ಮೂರು ತಂಡ ಇನ್ನೊಂದು ಕಡೆ. ಯಾರ ಜೊತೆ ಯಾರು ಎನ್ನುವುದು ಪಂದ್ಯದಿಂದ ಪಂದ್ಯಕ್ಕೆ ಬದಲು. ಬೆಳಿಗ್ಗೆ ನಿಮ್ಮ ಎದುರಾಳಿಯಾಗಿದ್ದವನು ಮಧ್ಯಾಹ್ನ ನಿಮ್ಮದೇ ಕಡೆ. ಅವನ ಮೋಟಾರ್ ಸುಟ್ಟರೆ ನಷ್ಟ ನಿಮಗೇ. ಹಾಗಾಗಿ ಸ್ಪ್ಯಾನರ್, ವೈರ್, ಬ್ಯಾಟರಿ ಎಲ್ಲ ಆಚೀಚೆ ಓಡಾಡುತ್ತವೆ. ಮೊದಲ ಸಲ ಬಂದ ತಂಡ ಗುಜರಿಯಂಥ ರೋಬೋಟ್ ತಂದರೂ ಯಾರೋ ಒಬ್ಬರು ಬಂದು ಸರಿ ಮಾಡಿಕೊಡುತ್ತಾರೆ. ಹಾಗೆ ಸಹಾಯ ಸಿಕ್ಕವರು ಮುಂದಿನ ವರ್ಷವೂ ಬರುತ್ತಾರೆ.

ಎರಡು, ದೂರ. ಮಿಷಿಗನ್ ರಾಜ್ಯದವರು 2009ರಲ್ಲಿ ಒಂದು ಹೊಸ ಪದ್ಧತಿ ತಂದರು. ದೊಡ್ಡ ಊರಿನ ದೊಡ್ಡ ಸ್ಟೇಡಿಯಂ ಬಿಟ್ಟು ಶಾಲೆಗಳ ಜಿಮ್‌ನಲ್ಲೇ ಸಣ್ಣ ಸಣ್ಣ ಸ್ಪರ್ಧೆ ಇಟ್ಟರು. ಮೊದಲು ಒಂದು ಸ್ಪರ್ಧೆಗೆ ಕೊಡುತ್ತಿದ್ದ ಶುಲ್ಕದಲ್ಲೇ ಎರಡು ಸ್ಪರ್ಧೆ ಆಡಲು ಬಿಟ್ಟರು. ಹೋಟೆಲ್ ಖರ್ಚು ಉಳಿಯಿತು. ಅಜ್ಜ, ಅಜ್ಜಿಯೂ ನೋಡಲು ಬಂದರು. ರಾಜ್ಯ ಸರ್ಕಾರವೂ ಮುಂದೆ ದುಡ್ಡು ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಆ ಒಂದೇ ರಾಜ್ಯದಲ್ಲಿ ಸುಮಾರು 500 ತಂಡಗಳಾದವು. ಬೇರೆ ರಾಜ್ಯಗಳೂ ಇಸ್ರೇಲ್‌ನಂಥ ದೇಶವೂ ಅದೇ ದಾರಿ ಹಿಡಿದವು.

ಕೋವಿಡ್ ದೊಡ್ಡ ಹೊಡೆತ ಕೊಟ್ಟಿತು. 2020ರ ಸೀಸನ್ ಅರ್ಧಕ್ಕೇ ನಿಂತುಹೋಯಿತು. 3,900ರ ಹತ್ತಿರ ಹೋಗಿದ್ದ ತಂಡಗಳ ಸಂಖ್ಯೆ ಆಮೇಲೆ 3,000 ಚಿಲ್ಲರೆಗೆ ಬಂತು. ಬಾಗಿಲು ಹಾಕಿದ ತಂಡ ಮತ್ತೆ ತೆರೆಯುವುದು ಕಷ್ಟ. ಕೆಲಸ ಗೊತ್ತಿದ್ದ ದೊಡ್ಡ ಮಕ್ಕಳು ಪಾಸಾಗಿ ಹೋಗಿರುತ್ತಾರೆ, ಚಿಕ್ಕವರಿಗೆ ಹೇಳಿಕೊಡುವವರೇ ಇರುವುದಿಲ್ಲ. ನಮ್ಮ ಶಾಲೆಗಳಲ್ಲೂ ತಂಡ ಸಾಯುವುದು ಹೀಗೆಯೇ. ಅದಕ್ಕೆ ನಾವು ಹೇಳುವುದು: ಹತ್ತನೇ ತರಗತಿಯವರನ್ನೇ ತುಂಬಿಸಿ ತಂಡ ಮಾಡಬೇಡಿ, ಆರು, ಏಳನೇ ತರಗತಿಯವರು ಇಬ್ಬರಾದರೂ ಇರಲಿ.

ಎಫ್‌ಎಲ್‌ಎಲ್, ಎಫ್‌ಟಿಸಿ, ಎಫ್‌ಆರ್‌ಸಿ ಅಂತೆಲ್ಲ ಹೇಳುತ್ತೀರಿ. ನಮ್ಮ ಮಗುವಿಗೆ ಯಾವುದು?

ವಯಸ್ಸು ಹೇಳಿ, ಉತ್ತರ ಸಿಗುತ್ತದೆ.

ನಾಲ್ಕನೇ ತರಗತಿಯಿಂದ ಹತ್ತರವರೆಗೆ ಇದ್ದರೆ ಫಸ್ಟ್ ಲೆಗೋ ಲೀಗ್ ಚಾಲೆಂಜ್, ಅಂದರೆ ಎಫ್‌ಎಲ್‌ಎಲ್. ಅಮೆರಿಕದ ಹೊರಗೆ 9ರಿಂದ 16 ವರ್ಷದವರು ಆಡಬಹುದು. ಕೇಮನ್ ಮತ್ತು ಜೋಡಿಸುವ ಪ್ಲಾಸ್ಟಿಕ್ ಆಟಿಕೆ ಮಾಡುವ ಲೆಗೋ ಕಂಪನಿಯ ಆಗಿನ ಯಜಮಾನ ಕೆಲ್ ಕಿರ್ಕ್ ಕ್ರಿಸ್ಟಿಯನ್‌ಸನ್ ಸೇರಿ 1998ರಲ್ಲಿ ಇದನ್ನು ಪ್ರಯೋಗಕ್ಕೆ ಇಳಿಸಿದರು. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತದೆ. ಮೇಜಿನ ಮೇಲಿನ ಆಟ. ಎರಡೂವರೆ ನಿಮಿಷದಲ್ಲಿ ರೋಬೋಟ್ ತಾನಾಗಿಯೇ ಕೆಲಸಗಳನ್ನು ಮುಗಿಸಬೇಕು. ರಿಮೋಟ್ ಇಲ್ಲ. ಅದಕ್ಕಿಂತ ಚಿಕ್ಕವರಿಗೆ ಎಕ್ಸ್‌ಪ್ಲೋರ್ ಎಂಬ ವಿಭಾಗ ಇದೆ, ಅಲ್ಲಿ ಸ್ಪರ್ಧೆಯ ಒತ್ತಡ ಇಲ್ಲ.

ಎಫ್‌ಟಿಸಿ (ಫಸ್ಟ್ ಟೆಕ್ ಚಾಲೆಂಜ್) 12ರಿಂದ 18 ವರ್ಷದವರಿಗೆ. 2005ರಲ್ಲಿ ಬೇರೆ ಹೆಸರಲ್ಲಿ ಪ್ರಯೋಗವಾಗಿ ಶುರುವಾಗಿ ಎರಡು ವರ್ಷದ ಮೇಲೆ ಈ ಹೆಸರಾಯಿತು. ಪಂದ್ಯ ಶುರುವಾಗುವ ಹೊತ್ತಿಗೆ ರೋಬೋಟ್ ಉದ್ದ, ಅಗಲ, ಎತ್ತರ ಮೂರರಲ್ಲೂ 18 ಇಂಚು ಮೀರಬಾರದು. ಲೋಹ ಕತ್ತರಿಸುವುದು, ಜಾವಾದಲ್ಲಿ ಪ್ರೋಗ್ರಾಂ ಬರೆಯುವುದು ಎಲ್ಲ ಇರುತ್ತದೆ.

ಎಫ್‌ಆರ್‌ಸಿ ಹಳೆಯದು, ದೊಡ್ಡದು, ದುಬಾರಿ. ಬ್ಯಾಟರಿ, ಬಂಪರ್ ಸೇರಿದರೆ ರೋಬೋಟ್ 60 ಕಿಲೋ ದಾಟುತ್ತದೆ. ಮೊದಲ ಸಲದ ನೋಂದಣಿಗೇ 6,000 ಡಾಲರ್ ಆಸುಪಾಸು. ಭಾರತದಿಂದ ಹೋಗುವ ತಂಡಗಳು ಬೆರಳೆಣಿಕೆಯಷ್ಟು. ನಮ್ಮೂರಿನ ಶಾಲೆಗಳಿಗೆ ಸದ್ಯಕ್ಕೆ ಇದು ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಫಸ್ಟ್ ಒಂದೇನಾ? ಬೇರೆ ಇಲ್ವಾ?

ಇವೆ. ವರ್ಲ್ಡ್ ರೋಬೋಟ್ ಒಲಿಂಪಿಯಾಡ್ 2004ರಲ್ಲಿ ಸಿಂಗಾಪುರದಲ್ಲಿ ಶುರುವಾಯಿತು. 2016ರಲ್ಲಿ ಅದರ ಅಂತಾರಾಷ್ಟ್ರೀಯ ಫೈನಲ್ ದೆಹಲಿ ಬಳಿ ನಡೆದಿತ್ತು. ತಂಡದಲ್ಲಿ ಎರಡು ಮೂರೇ ಮಕ್ಕಳಾದ್ದರಿಂದ ಸಣ್ಣ ಶಾಲೆಗೆ ಅನುಕೂಲ. ವೆಕ್ಸ್ ಇದೆ. ರೋಬೋಕಪ್ ಜೂನಿಯರ್ ಇದೆ. ಇಂಜಿನಿಯರಿಂಗ್ ಕಾಲೇಜಿನವರಿಗೆ 2002ರಲ್ಲಿ ಟೋಕಿಯೊದಲ್ಲಿ ಶುರುವಾದ ರೋಬೋಕಾನ್, ಐಐಟಿ ಬಾಂಬೆಯ ಇ-ಯಂತ್ರ. ಯಾವುದಕ್ಕೆ ಹೋದರೂ ಕಲಿಯುವುದು ಇದ್ದೇ ಇದೆ. ಹತ್ತಿರದಲ್ಲಿ ಯಾವುದು ನಡೆಯುತ್ತದೋ ಅದಕ್ಕೆ ಮೊದಲು ಹೋಗಿ.

ರೋಬೋಟ್ ಓಡಿದರೆ ಸಾಕಲ್ವಾ? ಪ್ರಾಜೆಕ್ಟ್ ಅಂತ ಯಾಕೆ ಮಕ್ಕಳ ಜೀವ ತಿನ್ನುವುದು?

ಎಫ್‌ಎಲ್‌ಎಲ್‌ನಲ್ಲಿ ಮೇಜಿನ ಮೇಲಿನ ಆಟಕ್ಕೆ ಇರುವುದು ಕಾಲು ಭಾಗ ಬೆಲೆ ಮಾತ್ರ. ಉಳಿದ ಮೂರು ಪಾಲು ರೋಬೋಟ್ ವಿನ್ಯಾಸದ ವಿವರಣೆಗೆ, ಪ್ರಾಜೆಕ್ಟಿಗೆ, ತಂಡವಾಗಿ ನಡೆದುಕೊಂಡ ರೀತಿಗೆ. ಪ್ರತಿ ವರ್ಷ ಒಂದು ವಿಷಯ ಕೊಡುತ್ತಾರೆ. ಆ ವಿಷಯದಲ್ಲಿ ಒಂದು ಸಮಸ್ಯೆ ಹುಡುಕಿ, ತಿಳಿದವರನ್ನು ಕೇಳಿ, ಪರಿಹಾರ ಹೇಳಬೇಕು.

ಇಲ್ಲಿಯೇ ನಮ್ಮ ಮಕ್ಕಳಿಗೆ ಊರು ಸಹಾಯಕ್ಕೆ ಬರುವುದು. 2024-25ರ ವಿಷಯ ಸಮುದ್ರ. ದೇಶದ ಎಷ್ಟೋ ತಂಡಗಳು ಅಂತರ್ಜಾಲದಲ್ಲಿ ಕಡಲನ್ನು ಹುಡುಕಬೇಕಿತ್ತು. ನಮ್ಮ ಮಕ್ಕಳಿಗೆ ಮಲ್ಪೆ, ಗಂಗೊಳ್ಳಿ, ಮಂಗಳೂರು ಬಂದರು ಇದೆ. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು ಮಂಗಳೂರಿನಲ್ಲೇ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೋಟುಗಳೆಲ್ಲ ದಡದಲ್ಲಿ. ಆಗ ಬಲೆ ಹೊಲಿಯುತ್ತಾ ಕೂತವರ ಹತ್ತಿರ ಹೋದರೆ ಅವರಿಗೂ ಮಾತಾಡಲು ಪುರುಸೊತ್ತು. ಬಲೆಗೆ ಎಷ್ಟು ಪ್ಲಾಸ್ಟಿಕ್ ಬರುತ್ತದೆ, ಹರಿದ ಬಲೆ ಎಲ್ಲಿ ಹೋಗುತ್ತದೆ, ಜಿಪಿಎಸ್ ಬರುವ ಮೊದಲು ದಿಕ್ಕು ಹೇಗೆ ನೋಡುತ್ತಿದ್ದರು, ಒಂದೊಂದಾಗಿ ಹೇಳುತ್ತಾರೆ. ತೊಂದರೆ ಏನೆಂದರೆ ಸೀಸನ್ ಶುರುವಾಗುವುದು ಸಾಮಾನ್ಯವಾಗಿ ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಬೋಟು ಕಡಲಿಗೆ ಇಳಿದಿರುತ್ತದೆ! ಆದರೆ ವಿಷಯದ ಹೆಸರು ಮೊದಲೇ ಹೊರಬೀಳುತ್ತದೆ. ಕಾಯಬೇಡಿ.

2025-26ರ ವಿಷಯ ಪುರಾತತ್ವ. ಅದಕ್ಕೆ ಬಾರ್ಕೂರು ಇದೆ. ಕೋಟೆಯ ಗುರುತು, ಶಾಸನಗಳು, ಹಳೇ ಬಸದಿಗಳ ಅವಶೇಷ, ಎಲ್ಲ ಅರ್ಧ ದಿನದಲ್ಲಿ ನೋಡಬಹುದು. ತೀರ್ಪುಗಾರರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು "ಯಾರ ಹತ್ತಿರ ಮಾತಾಡಿದಿರಿ" ಎಂದು. ಗೂಗಲ್‌ ಎಂದರೆ ಅಂಕ ಸಿಗುವುದಿಲ್ಲ.

ಮಗಳಿಗೆ ಕೋಡಿಂಗ್ ಬರುವುದಿಲ್ಲ. ಕ್ಲಾಸಿಗೆ ಸೇರಿಸಿ ಆಮೇಲೆ ಕಳಿಸಲಾ?

ಬೇಡ. ಹಾಗೇ ಕಳಿಸಿ. ಕಲಿಯುವುದು ಇಲ್ಲಿಯೇ.

ಕನ್ನಡ ಮಾಧ್ಯಮದ ಮಕ್ಕಳಿಗೆ ಕಷ್ಟವೇ?

ಕೋಡಿಂಗ್‌ನಲ್ಲಿ ಕಷ್ಟ ಇಲ್ಲ. ಬ್ಲಾಕ್‌ಗಳಲ್ಲಿ (ಪರದೆಯ ಮೇಲೆ ಜೋಡಿಸುವ ಕೋಡ್ ತುಂಡುಗಳಲ್ಲಿ) ಬರುವ ಇಂಗ್ಲಿಷ್ ಪದಗಳು ಕಡಿಮೆ, ಒಂದು ವಾರದಲ್ಲಿ ನಾಲಿಗೆಗೆ ಬರುತ್ತವೆ. ಅಂಜಿಕೆ ಇರುವುದು ತೀರ್ಪುಗಾರರ ಮುಂದೆ ನಿಂತು ಮಾತಾಡುವಾಗ. ನಮ್ಮ ಅಭ್ಯಾಸ ಹೀಗಿದೆ: ಮೊದಲು ತುಳುವಿನಲ್ಲೋ ಕನ್ನಡದಲ್ಲೋ ಅಮ್ಮನಿಗೆ ಹೇಳುವ ಹಾಗೆ ಹೇಳಿಸುತ್ತೇವೆ. ವಿಷಯ ಗಟ್ಟಿಯಾದ ಮೇಲೆ ಇಂಗ್ಲಿಷ್. ಬಾಯಿಪಾಠ ಮಾಡಿಸಿದ ಭಾಷಣ ಎರಡನೇ ಪ್ರಶ್ನೆಗೇ ಬಿದ್ದುಹೋಗುತ್ತದೆ.

ಖರ್ಚು ಎಷ್ಟು? ಕಿಟ್ ಯಾವುದು ತೆಗೆದುಕೊಳ್ಳಬೇಕು?

ಹೊಸ ಲೆಗೋ ಕಿಟ್ ಎಂದರೆ ಹತ್ತಾರು ಸಾವಿರ ರೂಪಾಯಿ. ಇದರಲ್ಲಿ ಮುಚ್ಚುಮರೆ ಬೇಡ. ಅದರ ಮೇಲೆ ನೋಂದಣಿ, ಆ ವರ್ಷದ ಅಂಕಣದ ಸೆಟ್ (ಮೇಜಿನ ಮೇಲೆ ಹಾಸುವ ಮ್ಯಾಟ್, ಅದರ ಮೇಲಿಡುವ ಲೆಗೋ ಮಾದರಿಗಳು), ಪ್ರಯಾಣ.

ಲೆಗೋ ಕಿಟ್ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತಾ ಬಂದಿದೆ. 1998ರಲ್ಲಿ ಆರ್‌ಸಿಎಕ್ಸ್ ಎಂಬ ಹಳದಿ ಡಬ್ಬಿ, 2006ರಲ್ಲಿ ಎನ್‌ಎಕ್ಸ್‌ಟಿ, 2013ರಲ್ಲಿ ಇವಿ3, 2020ರಲ್ಲಿ ಸ್ಪೈಕ್ ಪ್ರೈಮ್. ಒಂದು ಮಾದರಿ ಸುಮಾರು ಏಳೆಂಟು ವರ್ಷ ಬಾಳುತ್ತದೆ. ಆದ್ದರಿಂದ ಕೊಳ್ಳುವ ಮುಂಚೆ ಆ ವರ್ಷದ ನಿಯಮ ಪುಸ್ತಕ ನೋಡಿ. ಯಾರೋ ಹಳೆಯದನ್ನು ಅರ್ಧ ಬೆಲೆಗೆ ಕೊಡುತ್ತಾರೆ ಎಂದು ಸುಮ್ನೆ ತಂದುಬಿಡಬೇಡಿ. ಅದರ ಬ್ಯಾಟರಿ ಚಾರ್ಜ್ ಹಿಡಿಯುತ್ತದಾ, ಆ್ಯಪ್ ಈಗಿನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದಾ ಎಂದು ನೋಡಿ ತನ್ನಿ.

ನಿಮ್ಮ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಾ ಎಂದು ಮೊದಲು ವಿಚಾರಿಸಿ. ನೀತಿ ಆಯೋಗದ ಈ ಯೋಜನೆ 2016ರಲ್ಲಿ ಶುರುವಾದದ್ದು. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ದೇಶದಲ್ಲಿ ಸುಮಾರು 10,000 ಲ್ಯಾಬ್ ಆಗಿವೆ. ಸರ್ಕಾರಿ ಶಾಲೆಗಳಲ್ಲಿ ಐದು ವರ್ಷದಲ್ಲಿ ಇನ್ನೂ 50,000 ಮಾಡುತ್ತೇವೆಂದು 2025ರ ಬಜೆಟ್‌ನಲ್ಲಿ ಹೇಳಿದ್ದಾರೆ. ಕೆಲವು ಕಡೆ ಲ್ಯಾಬ್‌ಗೆ ಬೀಗ, ಕೀಲಿ ಯಾರ ಹತ್ತಿರ ಎಂದು ಯಾರಿಗೂ ಗೊತ್ತಿಲ್ಲ. ಒಳಗೆ ತ್ರೀಡಿ ಪ್ರಿಂಟರ್ ಪ್ಲಾಸ್ಟಿಕ್ ಸುತ್ತಿಕೊಂಡು ಮಲಗಿರುತ್ತದೆ. ಹೆತ್ತವರು ಹೋಗಿ ಕೇಳಿದರೆ ಬಾಗಿಲು ತೆರೆಯುತ್ತದೆ, ಕೇಳಿ.

ಮೇಜು ಮಾತ್ರ ಅಗ್ಗ. ಮರದಂಗಡಿಯಲ್ಲಿ ಸಿಗುವ ಎಂಟು ಅಡಿ ನಾಲ್ಕು ಅಡಿಯ ಪ್ಲೈವುಡ್ ಶೀಟ್ ಹಾಗೆಯೇ ಸಾಕಾಗುತ್ತದೆ, ಅಂಕಣದ ಅಳತೆಯನ್ನೇ ಅದಕ್ಕೆ ಹೊಂದಿಸಿದ್ದಾರೆ. ಸುತ್ತ ರೀಪು ಹೊಡೆದರೆ ಆಯಿತು. ಎರಡು ಮೂರು ಶಾಲೆ ಸೇರಿ ಒಂದೇ ಮೇಜು, ಒಂದೇ ಅಂಕಣದ ಸೆಟ್ ಇಟ್ಟುಕೊಳ್ಳಬಹುದು. ಮ್ಯಾಟ್ ಸುರುಳಿಯಾಗಿ ಬರುತ್ತದೆ, ಮೂಲೆ ಎದ್ದು ನಿಲ್ಲುತ್ತದೆ. ತಿರುಗಿಸಿ ಸುತ್ತಿ ಒಂದು ರಾತ್ರಿ ಇಡಿ.

ಮನೆಯಲ್ಲಿ ಸರಿಯಾಗಿ ಓಡಿದ ರೋಬೋಟ್ ಸ್ಪರ್ಧೆಯಲ್ಲಿ ಕೈಕೊಡುವುದು ಯಾಕೆ?

ಎಲ್ಲರಿಗೂ ಕೈಕೊಡುತ್ತದೆ, ಮಾರಾಯ್ರೆ. ಕಾರಣಗಳು ಮಾತ್ರ ಹೆಚ್ಚುಕಡಿಮೆ ಇವೇ.

ಬೆಳಕು. ಕಪ್ಪು ಗೆರೆ ಹಿಡಿದು ಹೋಗುವ ರೋಬೋಟಿನ ಸೆನ್ಸರ್ ನೆಲದಿಂದ ವಾಪಸ್ ಬರುವ ಬೆಳಕನ್ನು ಅಳೆಯುತ್ತದೆ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಪ್ರೋಗ್ರಾಂ ಬರೆದು, ಹಗಲು ದೊಡ್ಡ ಕಿಟಕಿಯ ಹಾಲ್‌ನಲ್ಲಿ ಓಡಿಸಿದರೆ ಅಂಕಿ ಬೇರೆಯೇ ಬರಬಹುದು. ಸ್ಪರ್ಧೆಯ ಮೇಜಿನ ಮೇಲೇ ಬಿಳಿ ಎಷ್ಟು, ಕಪ್ಪು ಎಷ್ಟು ಎಂದು ಅಳೆದು ಹೊಂದಿಸಿಕೊಳ್ಳಬೇಕು. ಸೆನ್ಸರನ್ನು ನೆಲಕ್ಕೆ ಹತ್ತಿರ ಇಟ್ಟರೆ ಹೊರಗಿನ ಬೆಳಕಿನ ಕಾಟ ಕಡಿಮೆ.

ಬ್ಯಾಟರಿ. "ಮೂರು ಸೆಕೆಂಡ್ ಮುಂದೆ ಹೋಗು" ಎಂದು ಬರೆದರೆ ಪೂರ್ತಿ ಚಾರ್ಜ್ ಇದ್ದಾಗ ಒಂದು ದೂರ, ಅರ್ಧ ಇದ್ದಾಗ ಇನ್ನೊಂದು ದೂರ. ಚಕ್ರ ಎಷ್ಟು ಸುತ್ತು ತಿರುಗಬೇಕು ಎಂದು ಬರೆಯಿರಿ.

ಮತ್ತೆ, ಇಡುವ ಕೈ. ರೋಬೋಟ್ ಇಡುವಾಗ ಒಂದೇ ಒಂದು ಡಿಗ್ರಿ ವಾರೆಯಾದರೆ ಎರಡು ಮೀಟರ್ ಆಚೆ ಮೂರೂವರೆ ಸೆಂಟಿಮೀಟರ್ ತಪ್ಪುತ್ತದೆ. ಹಿಡಿಯಬೇಕಾದ ಕೊಕ್ಕೆ ಅಷ್ಟರಲ್ಲಿ ತಪ್ಪಿರುತ್ತದೆ. ಪಳಗಿದ ತಂಡದ ಮಕ್ಕಳನ್ನು ನೋಡಿ: ಲೆಗೋ ತುಂಡುಗಳಿಂದಲೇ ಒಂದು ಎಲ್ ಆಕಾರದ ಕಟ್ಟು ಮಾಡಿ, ಅದನ್ನು ಮೇಜಿನ ಗೋಡೆಗೆ ಒತ್ತಿ, ಅದಕ್ಕೆ ರೋಬೋಟನ್ನು ಒತ್ತಿ, ಕಟ್ಟನ್ನು ಮೆಲ್ಲಗೆ ಎಳೆದು, ಬಟನ್ ಒತ್ತಿದ ಕೂಡಲೇ ಎರಡೂ ಕೈ ಮೇಲೆತ್ತುತ್ತಾರೆ. ದಾರಿಯಲ್ಲೂ ರೋಬೋಟನ್ನು ಬೇಕೆಂದೇ ಹಿಂದೆ ಓಡಿಸಿ ಗೋಡೆಗೆ ಗುದ್ದಿಸುತ್ತಾರೆ. ನೋಡುವವರಿಗೆ ಕೆಟ್ಟುಹೋಯಿತು ಎನಿಸುತ್ತದೆ. ಅದು ನೇರವಾಗಲು ಮಾಡುವ ಉಪಾಯ.

ನಮ್ಮ ಕರಾವಳಿಯ ತಾಪತ್ರಯ ಬೇರೆ. ಜುಲೈನಲ್ಲಿ ಸಾದಾ ಪ್ಲೈವುಡ್ ತೇವ ಹೀರಿ ಉಬ್ಬುತ್ತದೆ, ನಡುವೆ ಸಣ್ಣ ದಿಬ್ಬ ಏಳುತ್ತದೆ. ಎರಡೂ ಕಡೆ ಪೇಂಟ್ ಬಳಿಯಿರಿ. ಎಫ್‌ಟಿಸಿ ತಂಡಗಳು ಕಬ್ಬಿಣದ ಸ್ಕ್ರೂ ಬದಲು ಸ್ಟೇನ್‌ಲೆಸ್ ಹಾಕಿದರೆ ತುಕ್ಕಿನ ಕಾಟ ತಪ್ಪುತ್ತದೆ.

ಕೋಚ್ ಯಾರು ಆಗಬೇಕು? ನಮ್ಮ ಶಾಲೆಯಲ್ಲಿ ರೋಬೋಟಿಕ್ಸ್ ಗೊತ್ತಿರುವ ಟೀಚರ್ ಇಲ್ಲ.

ಗೊತ್ತಿರಬೇಕೆಂದಿಲ್ಲ. ಸಮಯಕ್ಕೆ ಬರುವ, ಮಕ್ಕಳ ಕೈಯಿಂದ ರೋಬೋಟ್ ಕಿತ್ತುಕೊಳ್ಳದ ಒಬ್ಬರು ಸಾಕು. ಎರಡನೆಯದು ಜಾಸ್ತಿ ಕಷ್ಟ, ಅದರಲ್ಲೂ ಇಂಜಿನಿಯರ್ ಅಪ್ಪಂದಿರಿಗೆ.

ತಿಳಿದವರು ಬೇಕೆಂದರೆ ಈ ಎರಡು ಜಿಲ್ಲೆಗಳಲ್ಲಿ ಕೊರತೆ ಇಲ್ಲ. ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲದ ಎಂಐಟಿ, ನಿಟ್ಟೆ, ಅಡ್ಯಾರ್, ವಾಮಂಜೂರು, ಹೋದಲ್ಲೆಲ್ಲ ಇಂಜಿನಿಯರಿಂಗ್ ಕಾಲೇಜು. ಮಣಿಪಾಲದಲ್ಲಿ ರೋಬೋಕಾನ್‌ಗೆ ಹೋಗುವ ರೋಬೋ ಮಣಿಪಾಲ್, ಚಾಲಕರಿಲ್ಲದ ವಾಹನ ಮಾಡುವ ಪ್ರಾಜೆಕ್ಟ್ ಮಾನಸ್‌ನಂಥ ವಿದ್ಯಾರ್ಥಿ ತಂಡಗಳಿವೆ. ಕಾಲೇಜು ಹುಡುಗರನ್ನು ಕರೆಯುವಾಗ ಅವರ ಪರೀಕ್ಷೆ ವೇಳಾಪಟ್ಟಿ ಕೇಳಿಕೊಳ್ಳಿ. ಸ್ಪರ್ಧೆಗೆ ಎರಡು ವಾರ ಇದ್ದಾಗ ಅವರಿಗೆ ಸೆಮಿಸ್ಟರ್ ಪರೀಕ್ಷೆ ಬಂದರೆ ನೀವು ನಡುನೀರಿನಲ್ಲಿ. ಅವರಿಂದ ಮಾಡಿಸಿಕೊಳ್ಳಬೇಡಿ, ಮಕ್ಕಳಿಗೆ ಪ್ರಶ್ನೆ ಕೇಳಿಸಿ.

ಹತ್ತನೇ ತರಗತಿ. ಸಮಯ ಹಾಳಲ್ವಾ?

ಪ್ರಾದೇಶಿಕ ಸ್ಪರ್ಧೆಗಳು ಸಾಮಾನ್ಯವಾಗಿ ವರ್ಷದ ಕೊನೆಗೆ ಬರುತ್ತವೆ, ಬೋರ್ಡ್ ಪರೀಕ್ಷೆ ಅದರ ಬೆನ್ನಿಗೇ. ಎಂಟು, ಒಂಬತ್ತರಲ್ಲಿ ಪೂರ್ತಿ ಆಡಲಿ. ಹತ್ತರಲ್ಲಿ ಶನಿವಾರ ಬಂದು ಚಿಕ್ಕವರಿಗೆ ಹೇಳಿಕೊಡಲಿ. ಇದರಿಂದ ಇಂಜಿನಿಯರಿಂಗ್ ಸೀಟ್ ಸಿಗುತ್ತದಾ ಎಂದೂ ಕೇಳುತ್ತಾರೆ. ಸಿಇಟಿ, ಜೆಇಇಗೆ ಇದರ ಅಂಕ ಇಲ್ಲ. ಹಾಗೆ ಹೇಳಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಗೆದ್ದರೆ ಅಮೆರಿಕಕ್ಕೆ ಹೋಗಬೇಕಾ?

ಫಸ್ಟ್‌ನ ವಿಶ್ವ ಚಾಂಪಿಯನ್‌ಶಿಪ್ ಊರಿಂದ ಊರಿಗೆ ಅಲೆದಿದೆ. ಡಿಸ್ನಿಯ ಎಪ್ಕಾಟ್, ಅಟ್ಲಾಂಟಾ, ಸೇಂಟ್ ಲೂಯಿಸ್. ತಂಡಗಳು ಒಂದೇ ಕಡೆ ಹಿಡಿಸದೆ 2017ರಿಂದ 2019ರವರೆಗೆ ಎರಡೆರಡು ನಗರಗಳಲ್ಲಿ ಮಾಡಿದರು. ಕೋವಿಡ್ ನಂತರ ಹ್ಯೂಸ್ಟನ್‌ನಲ್ಲಿ ನಡೆದಿದೆ. ಎಫ್‌ಎಲ್‌ಎಲ್ ತಂಡಗಳಿಗೆ ಬೇರೆ ದೇಶಗಳಲ್ಲೂ ಆಹ್ವಾನಿತ ಸ್ಪರ್ಧೆಗಳಿರುತ್ತವೆ.

ಹೋಗಲು ಎರಡು ಅಡ್ಡಿ: ದುಡ್ಡು ಮತ್ತು ವೀಸಾ. ಒಂದು ದೇಶಕ್ಕೆ ಒಂದು ತಂಡದ ಲೆಕ್ಕದಲ್ಲಿ ನಡೆಯುವ ಫಸ್ಟ್ ಗ್ಲೋಬಲ್ ಎಂಬ ಸ್ಪರ್ಧೆ 2017ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದಾಗ ಅಫ್ಘಾನಿಸ್ತಾನದ ಹುಡುಗಿಯರಿಗೆ ಎರಡು ಸಲ ವೀಸಾ ನಿರಾಕರಿಸಿದ್ದರು. ಜಗತ್ತೆಲ್ಲ ಸುದ್ದಿಯಾದ ಮೇಲೆ ಬಿಟ್ಟರು. ನಿಮ್ಮ ಮಕ್ಕಳಿಗೆ ಹಾಗಾಗಲಿಕ್ಕಿಲ್ಲ, ಆದರೆ ಪಾಸ್‌ಪೋರ್ಟ್ ಮಾಡಿಸಿಡಿ. ರಾಷ್ಟ್ರಮಟ್ಟಕ್ಕೆ ಹೋದ ಮೇಲೆ ಅರ್ಜಿ ಹಾಕಿದರೆ ತಡವಾಗುತ್ತದೆ.

ಈ ವರ್ಷ ತಡವಾಯಿತು. ಮುಂದಿನ ವರ್ಷಕ್ಕೆ ಈಗಲೇ ಏನು ಮಾಡಬಹುದು?

ಹತ್ತಿರದ ತಂಡದಿಂದ ಕಳೆದ ಸೀಸನ್‌ನ ಮ್ಯಾಟ್ ಕೇಳಿ ತನ್ನಿ. ಸೀಸನ್ ಮುಗಿದ ಮೇಲೆ ಅದು ಮೂಲೆಯಲ್ಲಿ ಬಿದ್ದಿರುತ್ತದೆ, ಕೊಡುತ್ತಾರೆ. ಏಪ್ರಿಲ್, ಮೇ ರಜೆಯಲ್ಲಿ ಅದರ ಮೇಲೆ ಆಡಿಸಿ. ಜೂನ್ ನಂತರದ ಲೆಕ್ಕ ನಂಬಬೇಡಿ. ಡಿಸಿ ಮಳೆ ರಜೆ ಕೊಟ್ಟ ದಿನ ಲ್ಯಾಬ್ ಕೂಡ ಬಂದ್, ಆಮೇಲೆ ಆ ಪಾಠ ಶನಿವಾರಕ್ಕೆ ಬಂದು ನಿಮ್ಮ ಅಭ್ಯಾಸದ ಸಮಯವೂ ಹೋಗುತ್ತದೆ. ಲ್ಯಾಪ್‌ಟಾಪ್, ಕಿಟ್ ಎರಡನ್ನೂ ಮನೆಗೆ ಒಯ್ಯಲು ಹೆಡ್‌ಮಾಸ್ಟರ್ ಹತ್ತಿರ ಮೊದಲೇ ಬರೆಸಿಟ್ಟುಕೊಳ್ಳಿ.